ಸರ್ವೇಯರ್ ಗುತ್ಯಪ್ಪನವರು ಕಾಶಿಯಲ್ಲಿ ಬಿಟ್ಟದ್ದು

ಶಿಕಾರಿಪುರದಲ್ಲಿ ಯಾರು ಯಾವ ಆಟ ಆಡಿದರೂ ನನಗೆ ತಿಳಿಯದೆ ಇರುವುದಿಲ್ಲ ಎಂದು ಹದಿನಾರು ವರ್ಷ ಎದೆಯುಬ್ಬಿಸಿಕೊಂಡು ತಿರುಗಿದವನು ನಾನು. ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, ಹೆಸರು ಯೋಗೇಶ. ಕಬಡ್ಡಿಗೆ ಸುಣ್ಣದ ಗೆರೆ ಎಳೆಯುವವನು ನಾನು, ವಾಲಿಬಾಲಿಗೆ ಸೀಟಿ ಊದುವವನು ನಾನು, ಹಗ್ಗಜಗ್ಗಾಟದಲ್ಲಿ ತೀರ್ಪು ಕೊಟ್ಟು ಎರಡೂ ಕಡೆಯವರಿಂದ ಬೈಸಿಕೊಳ್ಳುವವನೂ ನಾನೇ. ಅಂಥ ನನ್ನ ಕಣ್ಣೆದುರಿಗೇ ಒಬ್ಬ ಮನುಷ್ಯ ಗಾಲ್ಫ್ ಆಡಿಕೊಂಡಿದ್ದ. ಒಂದು ದಿನವಲ್ಲ, ಒಂದು ತಿಂಗಳಲ್ಲ, ನಾನು ಈ ಊರಿಗೆ ಬಂದು ಕೆಲಸಕ್ಕೆ ಸೇರಿದಾಗಿನಿಂದ ಹದಿನಾರು ವರ್ಷವೂ! ಆ ಮನುಷ್ಯ ನನ್ನ ಸ್ವಂತ ಭಾವ. ಇದು ಗೊತ್ತಾಗಿ ಈಗ ಎರಡು ವರ್ಷವಾಯಿತು. ಇವತ್ತಿಗೂ ಮೈದಾನದಲ್ಲಿ ಸೀಟಿ ಬಾಯಿಗಿಟ್ಟಾಗ ಒಮ್ಮೊಮ್ಮೆ ಅದು ನೆನಪಾಗಿ ಊದುವುದೇ ಮರೆತುಹೋಗುತ್ತದೆ.

ಭಾವನ ಹೆಸರು ಗುತ್ಯಪ್ಪ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವರು. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದ್ದರಿಂದ ಆ ಹೆಸರು. ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರು. ಸಣಕಲು ಆಳು, ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವವರು. ಮಾತು ಕಡಿಮೆ. ಆಡಿದರೆ ಅದು ಅಳತೆಯ ಮಾತು. ಅವರ ಕಾಲದ ಸರ್ವೇಯರುಗಳಿಗೆ ಅಡಿ, ಗಜ ಲೆಕ್ಕಕ್ಕಿಲ್ಲ. ಮೂವತ್ತಮೂರು ಅಡಿಗೆ ಒಂದು ಸರಪಳಿ, ಒಂದು ಸರಪಳಿಗೆ ಹದಿನಾರು ಆಣೆ. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವರು ಕಣ್ಣು ಕಿರಿದು ಮಾಡಿಕೊಂಡು, "ಮಂಟಪದಿಂದ ಊಟದ ಎಲೆಗೆ ಮೂರು ಸರಪಳಿ ಆರಾಣೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಹೊಟ್ಟೆ ಹಸಿದಿರಬೇಕು ಅಂದುಕೊಂಡೆ.

ನಮ್ಮ ಅಕ್ಕ ಲೋಕಮ್ಮನನ್ನು ಅವರು ಮದುವೆಯಾದ ಹೊಸತರಲ್ಲಿ ಸೊರಬದ ಹಳ್ಳಿಗಳಲ್ಲಿ ಅಳತೆಯ ಕೆಲಸ. ಸರಪಳಿ ಹಿಡಿಯುವ ಆಳು ಬಾರದ ದಿನ ಇನ್ನೊಂದು ತುದಿ ಹಿಡಿದು ನಡೆಯುತ್ತಿದ್ದವಳು ಅಕ್ಕನೇ. ಹಾಗಾಗಿ ಅವಳಿಗೂ ದೂರ ಎಂದರೆ ಸರಪಳಿ, ಹತ್ತಿರ ಎಂದರೆ ಆಣೆ. ಅಂಗಡಿಯಲ್ಲಿ ರಿಬ್ಬನ್ ಕೊಳ್ಳುವಾಗಲೂ, "ಎರಡಾಣೆ ಉದ್ದ ಕೊಡಪ್ಪ" ಎಂದು ಅಂಗಡಿಯವನನ್ನು ತಬ್ಬಿಬ್ಬು ಮಾಡುವವಳು.

ಊರಿನಲ್ಲಿ ಭಾವನಿಗೆ ಒಂದು ದೊಡ್ಡ ಹೆಸರಿತ್ತು, ತೀರ್ಥಯಾತ್ರೆಯದು. ಪಂಢರಪುರಕ್ಕೆ ಹೋಗಿ ಬಂದರು, ದಾರಿಯಲ್ಲಿ ಪುಣೆ. ಹರಿದ್ವಾರಕ್ಕೆ ಹೋಗಿ ಬಂದರು, ದಾರಿಯಲ್ಲಿ ದೆಹಲಿ. ನಂಜನಗೂಡಿಗೆ ಹೋದವರು ತಂಪಿಗೆಂದು ಊಟಿಗೆ ಹತ್ತಿದರು. ಅಸ್ಸಾಮಿನ ಕಾಮಾಖ್ಯ ದೇವಿಯವರೆಗೂ ಹೋಗಿ, ಅಲ್ಲಿಂದ ಶಿಲ್ಲಾಂಗು ನೋಡಿಕೊಂಡು ಬಂದರು. ನಮ್ಮ ಕಡೆ ಯಾತ್ರೆಯಿಂದ ಬಂದವರನ್ನು ಊರು ಸುಮ್ಮನೆ ಬಿಡುವುದಿಲ್ಲ. ಕಾಲು ತೊಳೆದು, ಕಾಲಿಗೆ ಬಿದ್ದು, ಪ್ರಸಾದ ಈಸಿಕೊಂಡೇ ಹೋಗುವುದು. ಪ್ರತಿ ಸಲವೂ ಪಕ್ಕದ ಮನೆಯ ಮಹಾದೇವಮ್ಮ ಮೊದಲು ಬಂದು ಬೀಳುತ್ತಿದ್ದರು. ಭಾವ ಕಾಲು ಹಿಂದಕ್ಕೆ ಎಳೆದುಕೊಂಡು ಒದ್ದಾಡುತ್ತಿದ್ದರು. ಎಂಥ ವಿನಯ ಎಂದು ಜನ ಇನ್ನಷ್ಟು ಮೆಚ್ಚುತ್ತಿದ್ದರು. ನಾನೂ ಎರಡು ಸಲ ಬಿದ್ದಿದ್ದೇನೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆ ಯಾತ್ರೆಗಳಲ್ಲಿ ಅಕ್ಕನಿಗೆ ಇದ್ದದ್ದು ಒಂದೇ ತಕರಾರು. "ಎಲ್ಲಾ ಚೆನ್ನಾಗಿರ್ತದೆ ಕಣೋ, ಆ ರಿಸರ್ವೇಶನ್ ಒಂದೇ ಕಷ್ಟ. ಬೆಳಿಗ್ಗೆ ಐದಕ್ಕೆ ಕ್ಯೂ ನಿಲ್ಲಾಕೆ ಹೋದ್ರೆ ಇವರು ಬರೋದು ಮಧ್ಯಾಹ್ನ ಹನ್ನೆರಡಕ್ಕೆ. ಮುಖ ಎಲ್ಲಾ ಬಿಸಿಲಿಗೆ ಕಪ್ಪಾಗಿರ್ತದೆ, ಪಾಪ" ಎನ್ನುತ್ತಿದ್ದಳು. ಉತ್ತರ ಭಾರತದಲ್ಲಿ ರೈಲು ಟಿಕೇಟಿಗೆ ಏಳು ಗಂಟೆ ಹಿಡಿಯುತ್ತದೆ ಎಂದು ಅವಳೂ ನಂಬಿದ್ದಳು, ಅವಳ ಮಾತು ಕೇಳಿ ನಾನೂ ನಂಬಿದ್ದೆ.

ನನಗೆ ಸುಳಿವು ಸಿಕ್ಕಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತೊಗರ್ಸಿ ಕಡೆಯ ಉಜ್ಜಪ್ಪ ಎಂಬ ರೈತರು ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಮೇಷ್ಟ್ರೇ, ನಿಮ್ಮ ಭಾವನೋರು ಈಗ ಸರಪಳಿ ಬಿಟ್ಟು ಗುಂಡು ಹೊಡ್ದು ಅಳೀತಾರಲ್ರೀ. ಹೊಸಾ ಅಳತಿ ಏನ್ರೀ ಅದು?"

"ಎಂಥ ಗುಂಡು ಉಜ್ಜಪ್ಪನೋರೇ?"

"ಬೆಳ್ಳನ್ ಗುಂಡು ರೀ, ನಿಂಬೆಹಣ್ಣಿನಷ್ಟು. ಕೆರೆ ಅಂಗಳದಾಗೆ ಕೋಲಿನಿಂದ ಹೊಡೀತಾರೆ, ಅದು ಬಿದ್ದಲ್ಲಿಗೆ ಹೋಗ್ತಾರೆ, ಮತ್ತೆ ಹೊಡೀತಾರೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಣದ ಮಟ್ಟ ನೋಡ್ಬೇಕು ಅಂತಾರೆ. ಸಗಣಿ ಸಾರಿಸಿದ ಕಣದಾಗೆ ಬರಿಗಾಲಾಗೆ ನಿಂತು ಮೆಲ್ಲಕೆ ಉಳ್ಳಿಸ್ತಾರೆ. ಈ ಅಳತಿಯಾಗೆ ಜಮೀನು ಜಾಸ್ತಿ ಬರ್ತೈತಾ, ಕಡಿಮೆ ಬರ್ತೈತಾ? ಜಾಸ್ತಿ ಬರೋದಾದ್ರೆ ನಂದೂ ಒಂದು ಅರ್ಜಿ ಕೊಡ್ತೀನಿ."

ಬಿಸಿಲು ನೆತ್ತಿಗೇರಿದೆ ಎಂದುಕೊಂಡು ಅವರಿಗೆ ಒಂದು ಸೋಡಾ ಕುಡಿಸಿ ಬಸ್ಸು ಹತ್ತಿಸಿದೆ. ಕೋಲು ಹಿಡಿದುಕೊಂಡು ಹೊಲ ಸುತ್ತುವುದು ಸರ್ವೇಯರನ ಕೆಲಸವೇ ತಾನೆ? ಅನುಮಾನ ಪಡಲು ಏನೂ ಇರಲಿಲ್ಲ. ಡ್ರಿಲ್ ಮೇಷ್ಟ್ರಾದವನು ಆಟವನ್ನು ಬರಿಯ ವರ್ಣನೆಯಿಂದಲೇ ಗುರುತಿಸಬೇಕಿತ್ತು, ನಾನು ಗುರುತಿಸಲಿಲ್ಲ. ಆ ನಾಚಿಕೆ ನನ್ನದು.

ತೊಂಬತ್ತಾರರ ಬೇಸಿಗೆ ರಜೆಯಲ್ಲಿ ಕಾಶಿಗೆ ಹೋಗುವುದೆಂದಾಯಿತು. ಭಾವನಿಗೆ ಮುಂದಿನ ಮಾರ್ಚಿಗೆ ನಿವೃತ್ತಿ. ಸರ್ಕಾರದ ಖರ್ಚಿನಲ್ಲಿ ಮಾಡಬಹುದಾದ ಪ್ರವಾಸ ಅದೇ ಕೊನೆಯದು. ಕಾಶಿ ನೋಡಿಕೊಂಡು ಕಲ್ಕತ್ತೆಯ ಕಾಳಿಯ ದರ್ಶನ ಮಾಡಿ ಬರುವುದು ಎಂದರು. ಭಾವ ಕ್ಯೂ ನಿಲ್ಲುವ ಹೊತ್ತಿನಲ್ಲಿ ತನಗೆ ಜೊತೆಗೆ ಒಬ್ಬರು ಬೇಕು ಎಂದು ಅಕ್ಕ ನನ್ನನ್ನೂ ಹೊರಡಿಸಿದಳು. ಭಾವನಿಗೆ ಅದು ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಅವರ ಹೆಗಲಲ್ಲಿ ಉದ್ದನೆಯ ಕ್ಯಾನ್ವಾಸ್ ಚೀಲ. ಏನದು ಎಂದರೆ, "ಅಳತೆ ಸಾಮಾನು. ಬರುವಾಗ ಬೆಂಗಳೂರಿನ ಕಚೇರಿಗೆ ಒಪ್ಪಿಸಬೇಕು" ಎಂದರು. ಕಾಶಿಯವರೆಗೂ ಅದನ್ನು ತಲೆದಿಂಬಿನ ಹಾಗೆ ಪಕ್ಕದಲ್ಲಿಟ್ಟುಕೊಂಡೇ ಮಲಗಿದರು.

ಕಾಶಿಯಲ್ಲಿ ಒಂದು ಧರ್ಮಶಾಲೆಯಲ್ಲಿ ಇಳಿದೆವು. ಮಧ್ಯಾಹ್ನ ಭಾವ ಮುಂದಿನ ಟಿಕೇಟು ಖಾತ್ರಿ ಮಾಡಿಕೊಳ್ಳಲು ಸ್ಟೇಷನ್ನಿಗೆ ಹೋದರು. ಅಕ್ಕ ಒಗೆದ ಸೀರೆ ಹರವಲು ಜಾಗ ಹುಡುಕುತ್ತಿದ್ದಳು.

"ಯೋಗೇಶ, ಆ ಚೀಲದಾಗೆ ಅಳತೆ ಕೋಲು ಇರ್ತಾವಲ್ಲ, ಒಂದು ತೆಗಿ. ಕಿಟಕಿಗೂ ಬಾಗಿಲಿಗೂ ಅಡ್ಡ ಇಟ್ರೆ ಸೀರೆ ಹಾಕ್ಬೌದು."

ಚೀಲದ ಬಾಯಿ ಬಿಚ್ಚಿ ಕೈಗೆ ಸಿಕ್ಕದ್ದನ್ನು ಎಳೆದೆ. ತುದಿಯಲ್ಲಿ ಕಬ್ಬಿಣದ ಸೌಟಿನಂಥದ್ದು ಇತ್ತು. ಇನ್ನೊಂದು ಎಳೆದೆ, ಅದಕ್ಕೆ ಮರದ ಗಡ್ಡೆ. ಒಟ್ಟು ಏಳು. ತಳದಲ್ಲಿ ಕಾಲುಚೀಲದೊಳಗೆ ಬಿಳಿಯ ಚೆಂಡುಗಳು. ದೈಹಿಕ ಶಿಕ್ಷಣದ ತರಬೇತಿಯಲ್ಲಿ ಚಿತ್ರ ನೋಡಿದ್ದೆ, ಪೇಪರಿನ ಆಟದ ಪುಟದಲ್ಲಿ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಉಜ್ಜಪ್ಪನವರ ಗುಂಡು ಅಷ್ಟು ದೂರದಿಂದ ಬಂದು ಅವತ್ತು ನನ್ನ ಹಣೆಗೇ ಬಿತ್ತು.

"ಎಂತದೋ ಅದು?" ಎಂದಳು ಅಕ್ಕ.

"ಗಾಲ್ಫ್ ಅಂತ ಅಕ್ಕ. ಆಟ. ಶ್ರೀಮಂತರು ಆಡ್ತಾರೆ."

"ಶ್ರೀಮಂತರ ಸಾಮಾನು ಇವರ ಹತ್ರ ಎಂತಕ್ಕೆ ಇದೆ?"

ಚೀಲದ ಜೇಬಿನಲ್ಲಿ ಒಂದು ನೋಟ್‌ಬುಕ್ಕಿತ್ತು, ಸರ್ವೇಯರುಗಳು ಹೊಲದಲ್ಲಿ ನಕ್ಷೆ ಬರೆದುಕೊಳ್ಳುವಂಥದ್ದು. ಮೊದಲ ಪುಟದಲ್ಲಿ ಬೇರೆ ಯಾರದೋ ಕೈಬರಹದಲ್ಲಿ ಆರು ಊರಿನ ಹೆಸರು: ಬೆಂಗಳೂರು, ಊಟಿ, ಪುಣೆ, ದೆಹಲಿ, ಶಿಲ್ಲಾಂಗು, ಕಲ್ಕತ್ತೆ. ಮೊದಲ ಐದರ ಮುಂದೆ ಕೆಂಪು ಶಾಯಿಯ ಗುರುತು. ಒಳಪುಟಗಳಲ್ಲಿ ಭಾವನ ದುಂಡಗಿನ ಅಕ್ಷರ. ಚೆಂಡು ಬೀಳಿಸಬೇಕಾದ ಪ್ರತಿ ಗುಳಿಗೂ ಒಂದು ನಕ್ಷೆ, ಎಲ್ಲಿ ಮರ, ಎಲ್ಲಿ ಹೊಂಡ, ಎಷ್ಟು ಸರಪಳಿ, ಎಷ್ಟು ಆಣೆ. ಅಕ್ಕ ಏಳನೇ ಕ್ಲಾಸು ಓದಿದವಳು. ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡು ಒಂದೊಂದೇ ಪುಟ ತಿರುವಿದಳು. ದೆಹಲಿಯ ಪುಟಕ್ಕೆ ಬಂದು ನಿಂತಳು.

"ಹನ್ನೆರಡನೇ ತಾರೀಖು, ಫೆಬ್ರವರಿ, ತೊಂಬತ್ತೊಂದು. ಹದಿನೆಂಟು ಗುಳಿ, ನೂರಾ ನಾಲ್ಕು ಏಟು. ಗಾಳಿ ಇರಲಿಲ್ಲ, ಮನಸ್ಸಿಗೆ ಬಹಳ ಸಂತೋಷವಾಯಿತು" ಎಂದು ಜೋರಾಗಿ ಓದಿದಳು. ಆಮೇಲೆ ಅವಳ ದನಿ ಇಳಿಯಿತು. "ಅವತ್ತು ನಂಗೆ ಜ್ವರ ಕಣೋ. ಭಾಷೆ ಬಾರದ ಜನರ ಮಧ್ಯೆ ಚಾಪೆ ಮೇಲೆ ಬಿದ್ದಿದ್ದೆ. ಇವರು ಮಧ್ಯಾಹ್ನ ಬಂದ್ರು, ಮುಖ ಬಾಡಿತ್ತು. ನನಗೋಸ್ಕರ ಬಿಸಿಲಾಗೆ ನಿಂತು ಬಂದಾರೆ ಅಂತ ಆ ಜ್ವರದಾಗೇ ಎದ್ದು ಕೂತು ಅವರ ಕಾಲು ಒತ್ತಿದೆ."

ಅಕ್ಕ ಅಳಲಿಲ್ಲ. ಕೋಲುಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿ, ಎದುರಿಗೆ ಕೂತಳು. ಒದ್ದೆ ಸೀರೆ ಬಕೆಟ್ಟಿನಲ್ಲೇ ಇತ್ತು.

ಭಾವ ಬಂದರು. ಬಾಗಿಲಲ್ಲೇ ನಿಂತರು. ಸಾಲಾಗಿ ಮಲಗಿದ್ದ ಏಳು ಕೋಲು ನೋಡಿ ಮೆಲ್ಲಗೆ ಗೋಡೆಗೊರಗಿ ಕೂತರು. ಆಮೇಲೆ, ಅವರ ಜನ್ಮದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಸಂಜೆ ಆಡಿದರು.

ಎಪ್ಪತ್ತನಾಲ್ಕರಲ್ಲಿ ಅವರಿಗೆ ಮೂಡಿಗೆರೆಗೆ ವರ್ಗವಾಗಿತ್ತು. ಅಕ್ಕ ಆಗ ಬಾಣಂತನಕ್ಕೆ ತವರಿನಲ್ಲಿದ್ದಳು. ಕಾಫಿ ತೋಟದವರ ಕ್ಲಬ್ಬಿನ ಮೈದಾನಕ್ಕೂ ಪಕ್ಕದ ತೋಟಕ್ಕೂ ಗಡಿಯ ತಗಾದೆ, ಹತ್ತು ದಿನ ಅಳತೆ. ಅಲ್ಲಿನ ಮುದುಕ ಕಾಫಿ ಸಾಹುಕಾರರೊಬ್ಬರು ತಮಾಷೆಗೆ, "ಏನಯ್ಯ, ಆ ಬಾವುಟ ಎಷ್ಟು ದೂರ?" ಎಂದು ಕೇಳಿದರಂತೆ. "ಹದಿಮೂರು ಸರಪಳಿ ನಾಲ್ಕಾಣೆ" ಎಂದರಂತೆ ಭಾವ. ಸರಪಳಿ ಹಿಡಿದು ನೋಡಿದರೆ ಅರ್ಧ ಆಣೆಯೂ ವ್ಯತ್ಯಾಸವಿಲ್ಲ. ಸಾಹುಕಾರರು ದಂಗಾಗಿ ತಮ್ಮ ಕೈಯಲ್ಲಿದ್ದ ಕೋಲನ್ನೇ ಕೊಟ್ಟು ಹೊಡೆ ಎಂದರು. ಅಲ್ಲಿಂದ ಹಿಡಿಯಿತು. ಹಳೆಯ ಏಳು ಕೋಲು ಕೊಟ್ಟರು, ದೇಶದಲ್ಲಿ ಆಡಲೇಬೇಕಾದ ಆರು ಮೈದಾನದ ಪಟ್ಟಿ ಬರೆದುಕೊಟ್ಟರು. ಆ ಆರು ಊರಿನಲ್ಲೂ ಅವರಿಗೆ ಸ್ನೇಹಿತರು. ಭಾವ ಹೊರಡುವ ಮೊದಲು ಒಂದು ಕಾಗದ ಹಾಕಿದರೆ ಸಾಕು, ಸಾಹುಕಾರರಿಂದ ಅಲ್ಲಿನವರಿಗೆ ಪತ್ರ ಹೋಗುತ್ತಿತ್ತು.

"ಜನವರಿಯಾಗೆ ಸಾಹುಕಾರ್ರು ತೀರಿಕೊಂಡ್ರು" ಎಂದರು ಭಾವ. "ಹೋಗೋ ಮುಂಚೆ ಕಲ್ಕತ್ತೆಗೆ ಕೊನೇ ಕಾಗದ ಬರೆದಿಟ್ಟಿದ್ರು. ಅಲ್ಲಿರೋ ಅವರ ಸ್ನೇಹಿತರಿಗೂ ಎಂಬತ್ತು ದಾಟಿದೆ. ಮಂಗಳವಾರ ಬೆಳಿಗ್ಗೆ ಆರಕ್ಕೆ ಬರಾಕೆ ಹೇಳ್ಯಾರೆ. ಆರರಾಗೆ ಅದೇ ದೊಡ್ಡದು, ಅದೊಂದು ಉಳಿದಿತ್ತು."

"ಇಪ್ಪತ್ತೆರಡು ವರ್ಷ ನಂಗೆ ಎಂತಕ್ಕೆ ಹೇಳ್ಲಿಲ್ಲ?" ಅಕ್ಕ ಕೇಳಿದಳು.

"ಮೊದಲು, ನಗ್ತೀಯ ಅಂತ ಹೇಳ್ಲಿಲ್ಲ. ಆಮೇಲೆ ಪಂಢರಪುರದಿಂದ ಬಂದಾಗ ಊರಿನವರು ಕಾಲಿಗೆ ಬಿದ್ರಲ್ಲ ಲೋಕ, ಬಿದ್ದ ಮೇಲೆ ಹೆಂಗೆ ಹೇಳೋದು?"

ಅಕ್ಕ ಎದ್ದು ಸೀರೆ ಹಿಂಡಲು ಹೋದಳು. ಆ ಸೀರೆಯನ್ನು ಅವಳು ಹಿಂಡಿದ ರೀತಿ ನೋಡಿ ನನಗೇ ಭಯವಾಯಿತು.

ಕಾಶಿಗೆ ಹೋದವರು ಅಲ್ಲಿ ಏನಾದರೊಂದನ್ನು ಬಿಟ್ಟು ಬರಬೇಕು ಎಂಬ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ತನಗೆ ತುಂಬಾ ಇಷ್ಟವಾದದ್ದನ್ನು ಗಂಗೆಯಲ್ಲಿ ನಿಂತು ಹೆಸರು ಹೇಳಿ ಬಿಟ್ಟರೆ, ಸಾಯುವವರೆಗೂ ಅದನ್ನು ಮುಟ್ಟುವಂತಿಲ್ಲ. ನಿಜವಾಗಿ ಇಷ್ಟವಾದದ್ದನ್ನು ಬಿಟ್ಟವರನ್ನು ನಾನಂತೂ ಕಂಡಿಲ್ಲ. ಒಬ್ಬರು ಹಾಗಲಕಾಯಿ ಬಿಡುತ್ತಾರೆ, ಇನ್ನೊಬ್ಬರು ನಮ್ಮೂರಿನಲ್ಲಿ ಸಿಗದೇ ಇರುವ ಹಣ್ಣು ಬಿಡುತ್ತಾರೆ. ನಾನೂ ಸೀಮೆಬದನೆಕಾಯಿ ಬಿಡುವುದೆಂದು ಊರಿನಿಂದಲೇ ನಿಶ್ಚಯಿಸಿಕೊಂಡು ಹೋಗಿದ್ದೆ. ಅಕ್ಕ ಮಾತ್ರ ಹಲಸಿನಹಣ್ಣು ಬಿಡುತ್ತೇನೆ ಎಂದಿದ್ದಳು. ಅದು ಅವಳಿಗೆ ಪ್ರಾಣ.

ಮಾರನೆಯ ಬೆಳಿಗ್ಗೆ ಮೂವರೂ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದೆವು. ನಮ್ಮ ಕಡೆಯ ಯಾತ್ರಿಕರಿಂದಲೇ ಅಲ್ಪಸ್ವಲ್ಪ ಕನ್ನಡ ಕಲಿತಿದ್ದ ಒಬ್ಬ ಪಂಡಾ ಮೆಟ್ಟಿಲ ಮೇಲೆ ಕೂತು ಸಂಕಲ್ಪ ಹೇಳಿಸುತ್ತಿದ್ದರು. ನನ್ನದು ಸಲೀಸಾಗಿ ಮುಗಿಯಿತು. ಆಮೇಲೆ ಅವರು ಭಾವನ ಕಡೆ ತಿರುಗಿದರು.

"ಏನು ಬಿಡುತ್ತೀರಿ?"

ಭಾವ ಬೊಗಸೆಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿದರು. "ಗಾಲ್ಫ್" ಎಂದರು.

ಪಂಡಾನಿಗೆ ಅರ್ಥವಾಗಲಿಲ್ಲ. "ಅದು ಹಣ್ಣೋ, ತರಕಾರಿಯೋ?"

"ಹಣ್ಣು" ಎಂದರು ಭಾವ. ಬೊಗಸೆಯ ನೀರು ಬಿಟ್ಟು ಮುಳುಗಿದರು.

ಅವರು ನೀರಿನಿಂದ ಏಳುವಷ್ಟರಲ್ಲಿ ಅಕ್ಕ ದಡದಲ್ಲಿದ್ದಳು. ಅವಳ ಸರದಿ ಬಂದೇ ಇರಲಿಲ್ಲ. ಪಂಡಾ ಕೂಗುತ್ತಿದ್ದರೂ ಕೇಳದೆ ಮೆಟ್ಟಿಲು ಹತ್ತಿಬಿಟ್ಟಳು. ನಾವಿಬ್ಬರೂ ಒದ್ದೆ ಪಂಚೆಯಲ್ಲಿ ಹಿಂದೆ ಓಡಿದೆವು. ಧರ್ಮಶಾಲೆಯ ಬಾಗಿಲಲ್ಲಿ ಅವಳು ತಿರುಗಿ ನಿಂತಳು. ಅಷ್ಟು ಸಿಟ್ಟಾದ ಅಕ್ಕನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇಪ್ಪತ್ತೆರಡು ವರ್ಷ ನಂಗೆ ಹೇಳ್ದೆ ಆಡಿದ್ರಿ. ಈಗ ನಂಗೆ ಹೇಳ್ದೆ ಬಿಟ್ರಿ. ಆಡೋವಾಗ್ಲೂ ನಾನಿಲ್ಲ, ಬಿಡೋವಾಗ್ಲೂ ನಾನಿಲ್ಲ. ನಾನು ಎಂತ, ನಿಮ್ಮ ಕೋಲಿನ ಚೀಲನಾ?"

"ನಿನ್ನ ಸಲುವಾಗೇ ಬಿಟ್ಟೆ ಲೋಕ."

"ಯಾರು ಬಿಡಿ ಅಂದ್ರು? ಇನ್ನು ಸಾಯೋವರೆಗೂ ನನ್ನ ಮುಖ ನೋಡಿ, ಇವಳಿಂದ ಬಿಟ್ಟೆ ಅಂದ್ಕಂಡು ಕೂರ್ತೀರಿ. ಅದನ್ನ ಹೊರಾಕೆ ನನ್ನ ಕೈಲಿ ಆಗಲ್ಲ."

ನನಗೆ ಭಾವನ ಮೇಲೆ ಕೆಂಡದಂಥ ಸಿಟ್ಟಿತ್ತು. ಆದರೆ ಆ ಗಳಿಗೆಯಲ್ಲಿ ಅವರ ಮುಖ ನೋಡಿ ಕರುಳು ಕಿತ್ತುಬಂತು. ಆರರಲ್ಲಿ ಐದು ಮುಗಿಸಿ, ಕೊನೆಯದಕ್ಕೆ ಎರಡು ದಿನವಿರುವಾಗ, ತೀರಿಹೋದವರ ಕಾಗದ ಜೇಬಿನಲ್ಲಿರುವಾಗ, ಆ ಮನುಷ್ಯ ಗಂಗೆಯಲ್ಲಿ ನಿಜ ಹೇಳಿದ್ದರು. ನಾನು ಸೀಮೆಬದನೆಕಾಯಿ ಬಿಟ್ಟು ಬಂದಿದ್ದೆ. ಡ್ರಿಲ್ ಮೇಷ್ಟ್ರು ನಾನಾದರೂ, ಆಟದ ನಿಯಮ ಪಾಲಿಸಿದವರು ಅವರು.

ಕಲ್ಕತ್ತೆಯವರೆಗೂ ಅಕ್ಕ ತುಟಿ ಬಿಚ್ಚಲಿಲ್ಲ. ಕಾಳಿಯ ದರ್ಶನವೂ ಹಾಗೇ ಆಯಿತು. ಚೀಲವನ್ನು ಈಗ ಯಾರೂ ಪಕ್ಕದಲ್ಲಿಟ್ಟುಕೊಳ್ಳುತ್ತಿರಲಿಲ್ಲ, ಅದು ಮಂಚದ ಕೆಳಗೆ ಬಿದ್ದಿತ್ತು. ಮಂಗಳವಾರ ಬೆಳಿಗ್ಗೆ ಐದಕ್ಕೆ ನನ್ನನ್ನು ಯಾರೋ ಅಲುಗಿಸಿದರು. ನೋಡಿದರೆ ಅಕ್ಕ. ಸ್ನಾನ ಮಾಡಿ, ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದಳು.

"ಏಳೋ, ಚೀಲ ಎತ್ಕ. ರೀ, ನೀವೂ ನಡೀರಿ."

ಭಾವ ಎದ್ದು ಕೂತರು. "ಬಿಟ್ಟಾಗಿದೆ. ನಾನಿನ್ನು ಅದನ್ನ ಮುಟ್ಟಲ್ಲ ಲೋಕ."

"ನಿಮ್ಮನ್ನ ಯಾರು ಮುಟ್ಟಿ ಅಂದ್ರು? ನೀವು ದೂರ ಹೇಳಿ, ಸಾಕು. ಹೊಡೆಯೋಳು ನಾನು."

ಬೇಡ ಅಕ್ಕ, ಅಲ್ಲಿ ಸಾಹೇಬರು ಇರ್ತಾರೆ, ನಿನಗೆ ಬರಲ್ಲ, ಮರ್ಯಾದೆ ಹೋಗ್ತದೆ ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಳ್ಳದೆ ಚಪ್ಪಲಿ ಮೆಟ್ಟಿದಳು. ಹೀಗೆ ನಾನು, ಜಿಲ್ಲಾಮಟ್ಟದ ಪಂದ್ಯಗಳಿಗೆ ತೀರ್ಪುಗಾರನಾಗಿದ್ದವನು, ಅಕ್ಕನ ಚೀಲ ಹೊತ್ತುಕೊಂಡು ಟ್ಯಾಕ್ಸಿ ಹತ್ತಿದೆ.

ಕ್ಲಬ್ಬಿನ ಗೇಟು ದಾಟಿದ ಮೇಲೆ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕಣ್ಣು ಹಾಯುವವರೆಗೂ ಹುಲ್ಲು. ಒಂದು ದನವಿಲ್ಲ, ಒಂದು ಕುರಿಯಿಲ್ಲ, ಒಂದು ಕಾಳು ಬೆಳೆಯುವುದಿಲ್ಲ! ಅಷ್ಟು ದೊಡ್ಡ ಊರಿನ ನಡುವೆ ಇಷ್ಟು ಭೂಮಿಯನ್ನು ಒಂದು ಚೆಂಡಿಗಾಗಿ ಬಿಟ್ಟಿದ್ದಾರೆ. ನನ್ನ ಶಾಲೆಯ ಮೈದಾನದಲ್ಲಿ ನೂರು ಮೀಟರ್ ಓಟಕ್ಕೆ ಜಾಗ ಸಾಲದೆ ಮಧ್ಯದಲ್ಲಿ ತಿರುಗಿಸಿ ಓಡಿಸುತ್ತೇನೆ. ಅಳುವುದೋ ನಗುವುದೋ ತಿಳಿಯಲಿಲ್ಲ.

ಸಾಹುಕಾರರ ಸ್ನೇಹಿತರಾದ ಬಂಗಾಳಿ ಮುದುಕರು ಕೋಲೂರಿಕೊಂಡು ಕಾಯುತ್ತಿದ್ದರು. ಭಾವ ಹರಕು ಇಂಗ್ಲಿಷಿನಲ್ಲಿ ಗಂಗೆಯ ಕಥೆಯನ್ನು ಹೇಗೋ ಹೇಳಿ ಮುಗಿಸಿದರು. ಮುದುಕರು ಒಮ್ಮೆ ಭಾವನನ್ನು, ಒಮ್ಮೆ ಅಕ್ಕನನ್ನು, ಅವಳ ಸೆರಗನ್ನು ನೋಡಿದರು. ಕ್ಲಬ್ಬಿನ ನೌಕರನೊಬ್ಬ ಓಡಿಬಂದು ಏನೋ ಆಕ್ಷೇಪ ತೆಗೆದ. ಮುದುಕರು ಕೋಲಿನಿಂದ ನೆಲಕ್ಕೆ ಒಮ್ಮೆ ಕುಟ್ಟಿ, ಇವರು ನನ್ನ ಅತಿಥಿ ಎಂದರು. ಉಳಿದ ಸದಸ್ಯರು ಬರುವ ಮೊದಲು ಮೂರು ಗುಳಿ ಆಡಿಕೊಳ್ಳಲಿ ಎಂದು ತೀರ್ಮಾನವಾಯಿತು.

ಮೊದಲ ಏಟಿಗೆ ಹುಲ್ಲು ಹಾರಿತು, ಚೆಂಡು ಅಲ್ಲೇ ಇತ್ತು. ಎರಡನೆಯ ಏಟಿಗೆ ಚೆಂಡು ನನ್ನ ಮೊಣಕಾಲಿಗೆ ಬಂತು. ಅಕ್ಕ, "ದೂರ ನಿಲ್ಲಾಕೆ ಏನಾಗಿತ್ತು ನಿಂಗೆ?" ಎಂದು ನನ್ನನ್ನೇ ಬೈದಳು. ಭಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಅಪ್ಪಿತಪ್ಪಿಯೂ ಕೋಲು ಮುಟ್ಟಬಾರದು ಎಂದು ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡಿದ್ದರು. ಬಾಯಲ್ಲಿ ಮಾತ್ರ, "ಅಷ್ಟು ಬಿಗಿ ಹಿಡೀಬೇಡ. ಸೌದೆ ಒಡೆಯೋದಲ್ಲ, ಗುಡಿಸೋದು ಅಂತ ತಿಳ್ಕ" ಎನ್ನುತ್ತಿದ್ದರು. ಮೊದಲ ಗುಳಿಗೆ ಹತ್ತೊಂಬತ್ತು ಏಟು ಬಿತ್ತು. ಎರಡನೆಯದಕ್ಕೆ ಹದಿನಾರು.

ಮೂರನೆಯದರಲ್ಲಿ ಒಂಬತ್ತು ಏಟು ಬಿದ್ದ ಮೇಲೆ ಏನೋ ಆಯಿತು. ಭಾವ ಕಣ್ಣು ಕಿರಿದು ಮಾಡಿ, "ಏಳು ಸರಪಳಿ. ಆ ಕಡೆ ಹೊಂಡ, ಎಡಕ್ಕೆ ಅರ್ಧ ಸರಪಳಿ ಬಿಟ್ಟು ಹೊಡಿ" ಎಂದರು. ಅಕ್ಕ ಒಂದು ಸಲ ದೂರಕ್ಕೆ ನೋಡಿದಳು. "ಕುಪ್ಪಗಡ್ಡೆ ಮನೆಯಿಂದ ಬಾವಿಯಷ್ಟು" ಎಂದಳು. ಹೊಡೆದಳು. ಚೆಂಡು ಎದ್ದಿತು! ಹಾರಿ, ಹೊಂಡ ದಾಟಿ, ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಚಿನಲ್ಲಿ ಬಿತ್ತು. ನನ್ನ ಕೊರಳಲ್ಲಿ ಸೀಟಿ ಇದ್ದಿದ್ದರೆ ಊದಿಬಿಡುತ್ತಿದ್ದೆ.

ಬಾವುಟವಿರುವ ಆ ನುಣ್ಣನೆಯ ಜಾಗಕ್ಕೆ ಬಂದಾಗ ಅಕ್ಕ ಅಂಚಿನಲ್ಲೇ ಚಪ್ಪಲಿ ಬಿಟ್ಟಳು. ಭಾವನೂ ಬಿಟ್ಟರು. ಅವರಿಗೆ ಉಜ್ಜಪ್ಪನವರ ಕಣದಿಂದ ಬಂದ ಅಭ್ಯಾಸ. ನಾನು ಬೂಟು ಸಮೇತ ಮುಂದೆ ನಡೆದೆ.

"ಯೋಗೇಶ! ಕಣ ಕಣೋ ಅದು! ಮೆಟ್ಟು ಬಿಟ್ಟು ಬಾ!" ಎಂದು ಅಕ್ಕ ಚೀರಿದಳು. ಆಮೇಲೆ ಬಂಗಾಳಿ ಮುದುಕರ ಬೂಟು ನೋಡಿದಳು. ಏನೂ ಅನ್ನಲಿಲ್ಲ, ನೋಡಿದಳು ಅಷ್ಟೆ. ಆ ಎಂಬತ್ತು ದಾಟಿದ ದೊಡ್ಡಮನುಷ್ಯರು ನನ್ನ ಹೆಗಲು ಹಿಡಿದು ಬೂಟು ಕಳಚಿದರು.

ಗುಳಿಗೆ ಇನ್ನು ಸ್ವಲ್ಪವೇ ದೂರ. ಭಾವ ಮೊಣಕಾಲೂರಿ ಕೂತು ನೆಲದ ಮಟ್ಟ ನೋಡಿದರು.

"ನಾಲ್ಕಾಣೆ ದೂರ. ನೆಲ ಬಲಕ್ಕೆ ವಾಲಿದೆ. ಎಡಕ್ಕೆ ಒಂದು ಗೇಣು ಬಿಡು."

"ಒಂದು ಗೇಣಲ್ಲ ರೀ, ನಾಲ್ಕು ಬೆರಳು. ಇಬ್ಬನಿ ಇದೆ, ತಿರುಗಲ್ಲ" ಎಂದಳು ಅಕ್ಕ.

ಭಾವ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ನೆಲಕ್ಕೆ ಕೆನ್ನೆ ತಾಗಿಸಿ ಮತ್ತೆ ನೋಡಿದರು. "ಹೌದು, ನಾಲ್ಕೇ ಬೆರಳು" ಎಂದರು.

ಅಕ್ಕ ತಳ್ಳಿದಳು. ಚೆಂಡು ಅವಸರವಿಲ್ಲದೆ ಉರುಳಿ ಹೋಗಿ, ಅಂಚಿನಲ್ಲಿ ಒಂದು ಕ್ಷಣ ನಿಂತಂತೆ ಮಾಡಿ, ಒಳಗೆ ಬಿತ್ತು. ಒಟ್ಟು ಹನ್ನೊಂದು ಏಟು. ಭಾವ ಎದ್ದೇಳಲಿಲ್ಲ. ಕೈ ಬೆನ್ನ ಹಿಂದೆಯೇ ಇತ್ತು, ಕಣ್ಣೀರು ಒರೆಸಿಕೊಳ್ಳಲೂ ಅವರು ಆ ಕೈ ಬಿಚ್ಚಲಿಲ್ಲ. ಅಕ್ಕನೇ ಬಗ್ಗಿ ಸೆರಗಿನಿಂದ ಒರೆಸಿದಳು.

ಆ ಸಂಜೆ ರೈಲಿನಲ್ಲಿ ಭಾವ ನೋಟ್‌ಬುಕ್ಕು ಬಿಡಿಸಿದರು. ಕಲ್ಕತ್ತೆಯ ಮುಂದೆ ಕೆಂಪು ಗುರುತು ಹಾಕಿದರು. ಮೂರು ಗುಳಿ, ನಲವತ್ತಾರು ಏಟು ಎಂದು ಬರೆದು, ಆಡಿದವರು ಎಂಬಲ್ಲಿ ಲೋಕಮ್ಮ ಎಂದು ಬರೆದರು. ಅಕ್ಕ ಅದನ್ನು ಎರಡು ಸಲ ಓದಿ ವಾಪಸು ಕೊಟ್ಟಳು.

ಊರಿಗೆ ಬಂದ ಮೂರನೆಯ ದಿನ ಗಂಗೆಪೂಜೆ, ಬೀದಿಯವರಿಗೆಲ್ಲ ಊಟ. ಮಹಾದೇವಮ್ಮ ಯಥಾಪ್ರಕಾರ ಮೊದಲು ಬಂದು ಬಗ್ಗಿದರು. ಈ ಸಲ ಭಾವ ಕಾಲು ಎಳೆದುಕೊಳ್ಳಲಿಲ್ಲ, ಅವರ ಕೈ ಹಿಡಿದು ಮೇಲೆತ್ತಿ, "ಬ್ಯಾಡ್ರೀ ಅಮ್ಮ. ನಾನು ಇಷ್ಟು ವರ್ಷ ಹೋಗಿದ್ದು ದೇವ್ರಿಗಲ್ಲ, ಆಟಕ್ಕೆ" ಎಂದರು. ಯಾರಿಗೂ ಅರ್ಥವಾಗಲಿಲ್ಲ, ಮಹಾದೇವಮ್ಮನಿಗಂತೂ ಸ್ವಲ್ಪವೂ ಆಗಲಿಲ್ಲ. ಅವರು ತಮಗೆ ಗೊತ್ತಿದ್ದ ದಾರಿಗೆ ಬಂದರು.

"ಅದಿರ್ಲಿ ಬಿಡ್ರಿ. ಕಾಶಿಯಾಗೆ ಏನು ಬಿಟ್ಟು ಬಂದ್ರಿ?"

"ಅವರು ರಿಸರ್ವೇಶನ್ ಮಾಡ್ಸೋದು ಬಿಟ್ರು" ಎಂದಳು ಅಕ್ಕ, ಪಾಯಸ ಬಡಿಸುತ್ತ.

"ನೀನವ್ವಾ?"

ಅಕ್ಕ ಪಾಯಸದ ಪಾತ್ರೆ ಕೆಳಗಿಟ್ಟಳು. ಮೂಲೆಯಲ್ಲಿ ಗೋಡೆಗೊರಗಿದ್ದ ಕ್ಯಾನ್ವಾಸ್ ಚೀಲದ ಕಡೆಗೆ ಒಮ್ಮೆ ನೋಡಿದಳು.

"ನಾನೇನೂ ಬಿಟ್ಟಿಲ್ಲ ಮಹಾದೇವಮ್ಮ. ಇವರು ಬಿಟ್ಟಿದ್ದನ್ನ ಎತ್ಕಂಡು ಬಂದೆ."

ಮಹಾದೇವಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, ಕಾಶಿಯಾಗೆ ಬಿಟ್ಟಿದ್ದನ್ನ ಯಾರಾದ್ರೂ ಎತ್ಕಂಡು ಬರ್ತಾರೇನವ್ವಾ ಎಂದು ಕಂಡಕಂಡವರನ್ನೆಲ್ಲ ಕೇಳುತ್ತ ಹೋದರು. ಮರುವಾರ ಉಜ್ಜಪ್ಪನವರು ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ನನ್ನ ತೋಳು ಹಿಡಿದರು. ಈಗ ನಿಮ್ಮ ಅಕ್ಕಾರು ಅಳೀತಾರಲ್ರೀ, ಸಾಹೇಬ್ರು ಕೈಕಟ್ಟಿ ನಿಂತಿರ್ತಾರೆ, ಹಂಗಂತ ಸರ್ಕಾರದ ಆರ್ಡರ್ ಆಗೇತೇನ್ರೀ ಎಂದರು. ಆಗಿದೆ ಎಂದೆ.